ಗೋಡೆಯ ತೇವಕ್ಕೆ ಬಣ್ಣ ಮದ್ದಲ್ಲ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಮಲಗುವ ಕೋಣೆಯ ಗೋಡೆಯಲ್ಲಿ ಅಂಗೈಯಗಲದ ತೇವದ ಕಲೆಯೊಂದು ಕಾಣಿಸಿತು. ಮಳೆಯ ತೇವವೆಂದು ಭಾವಿಸಿ ಅದರ ಮೇಲೆ ಬಣ್ಣ ಬಳಿಸಿದೆವು. ಬೇಸಿಗೆ ಬಂದರೂ ಕಲೆ ಆರಲಿಲ್ಲ. ಬಣ್ಣ ಗುಳ್ಳೆಯೆದ್ದು, ಬಿಳಿಯ ಉಪ್ಪು ಉದುರತೊಡಗಿತು. ಆ ಗೋಡೆಯ ಬದಿಯಲ್ಲಿಯೇ ಮಲಗುತ್ತಿದ್ದ ನಮ್ಮ ತಾಯಿಯವರಿಗೆ ರಾತ್ರಿಯ ಕೆಮ್ಮು ಬಿಡಲಿಲ್ಲ. ಔಷಧಗಳನ್ನು ಬದಲಾಯಿಸಿದೆವೇ ಹೊರತು ಗೋಡೆಯ ಕಡೆಗೆ ಲಕ್ಷ್ಯ ಕೊಡಲಿಲ್ಲ. "ತಂಗಿಯ ಮನೆಗೆ ಹೋದರೆ ಕೆಮ್ಮೇ ಇರುವುದಿಲ್ಲ ನೋಡು" ಎಂದು ಅವರೇ ಹೇಳಿದ ಮೇಲೆ ನಮ್ಮ ಕಣ್ಣು ತೆರೆಯಿತು. ಗೋಡೆಯ ಆಚೆ ಬಚ್ಚಲುಮನೆ. ಒಳಗೆ ಹುದುಗಿದ್ದ ಕೊಳವೆಯ ಜೋಡಣೆಯೊಂದು ಹನಿಹನಿಯಾಗಿ ಜಿನುಗುತ್ತಿತ್ತು.

ತೇವಗೊಂಡ ಭಾಗವು 24ರಿಂದ 48 ಗಂಟೆಗಳೊಳಗೆ ಆರದಿದ್ದರೆ ಅಲ್ಲಿ ಬೂಷ್ಟು ಬೆಳೆಯಲಾರಂಭಿಸುತ್ತದೆ. ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ಬೆರೆತು ಉಸಿರಿನೊಡನೆ ಒಳಸೇರುತ್ತವೆ. ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ ಮೊದಲಾದ ಶ್ವಾಸದ ತೊಂದರೆಗಳು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆಯು 2009ರ ತನ್ನ ಮಾರ್ಗಸೂಚಿಯಲ್ಲಿ ತಿಳಿಸಿದೆ. ಮಕ್ಕಳು, ವೃದ್ಧರು ಹಾಗೂ ಅಸ್ತಮಾ ಉಳ್ಳವರು ವಿಶೇಷವಾಗಿ ಎಚ್ಚರದಿಂದಿರಬೇಕು.

ಗುಪ್ತ ಸೋರಿಕೆಯನ್ನು ಪತ್ತೆಹಚ್ಚುವುದು ಕಷ್ಟವಲ್ಲ. ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ, ಮಾಳಿಗೆಯ ತೊಟ್ಟಿಯಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿರಿ. ನೀರು ಬಳಸದೆಯೂ ಬೆಳಗಿನ ವೇಳೆಗೆ ಮಟ್ಟ ಇಳಿದಿದ್ದರೆ ಎಲ್ಲಿಯೋ ಸೋರಿಕೆ ಇದೆ ಎಂದರ್ಥ. ನೇರ ನಳದ ಸಂಪರ್ಕವಿದ್ದರೆ ಮೀಟರಿನ ಅಂಕಿಯನ್ನು ಇದೇ ರೀತಿ ಪರೀಕ್ಷಿಸಬಹುದು.

ದುರಸ್ತಿಗೆ ಮುನ್ನ ಆ ಭಾಗದ ವಿದ್ಯುತ್ತನ್ನು ಕಡಿತಗೊಳಿಸಬೇಕು. ನೆನೆದ ಗಿಲಾವನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿಸಿ, ಕೊಳವೆಯನ್ನು ಸರಿಪಡಿಸಿ, ಒಂದು ದಿನ ನೀರು ಹಾಯಿಸಿ ನೋಡಿದ ಬಳಿಕವೇ ಮುಚ್ಚುವ ಯೋಚನೆ ಮಾಡಬೇಕು. ಬೂಷ್ಟನ್ನು ಒಣಗಿದಂತೆಯೇ ಉಜ್ಜಿದರೆ ಕಣಗಳು ಹಾರುತ್ತವೆ. ಮುಖಗವಸು ಧರಿಸಿ ಸಾಬೂನಿನ ನೀರಿನಿಂದ ಒರೆಸಿರಿ. ಬ್ಲೀಚಿಂಗ್ ಪುಡಿಯನ್ನು ಶೌಚಾಲಯ ತೊಳೆಯುವ ಆಮ್ಲದೊಡನೆ ಎಂದಿಗೂ ಬೆರೆಸಬಾರದು. ಅದರಿಂದ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ. ಗೋಡೆ ಆರಲು ವಾರಗಳೇ ಬೇಕು. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಸುತ್ತಲೂ ಅಂಟಿಸಿ ಒಂದು ದಿನ ಬಿಡಿರಿ. ಒಳಬದಿಯಲ್ಲಿ ಹನಿಗಟ್ಟಿದರೆ ಇನ್ನೂ ಕಾಯಬೇಕು. ಅವಸರದಿಂದ ಬಳಿದ ಬಣ್ಣ ಮತ್ತೆ ಏಳುವುದು ನಿಶ್ಚಿತ.

ಗೋಡೆ ಆರಿದ ಮೇಲೆ ತಾಯಿಯವರು ಅದೇ ಕೋಣೆಗೆ ಮರಳಿದರು. ರಾತ್ರಿಯ ನಿದ್ರೆಯೂ ಮರಳಿತು. ಹಾಗೆಂದು ಎಲ್ಲ ಕೆಮ್ಮನ್ನೂ ಗೋಡೆಯ ಮೇಲೆ ಹೊರಿಸಲಾಗದು. ಎರಡು ವಾರ ಮೀರಿದ ಕೆಮ್ಮನ್ನು ವೈದ್ಯರಿಗೆ ತೋರಿಸಲೇಬೇಕು. ಮನೆಗೆ ಮರಳಿದ ಬಳಿಕ ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿರಿ.