ಎಸಿ ಗಾಳಿಯಿಂದ ಕಾಯಿಲೆ ಬಂದ್ರೆ ಪರಿಹಾರ ಸಿಗುತ್ತಾ? ಬಿಲ್ಲು, ಡಾಕ್ಟರ್ ಚೀಟಿ ಜೋಪಾನ

ಕಡೂರು/ತರೀಕೆರೆ/ಅಜ್ಜಂಪುರ: ಬ್ಯಾಂಕು, ಎಟಿಎಂ ಬಿಟ್ಟು ಈಗ ನಮ್ಮ ಊರುಗಳ ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಲಾಡ್ಜು, ನರ್ಸಿಂಗ್ ಹೋಂಗಳಲ್ಲೂ ಎಸಿ ಬಂದಿದೆ. ಬೆಂಗಳೂರಿಗೆ ಹೋಗೋ ಬಸ್ಸಲ್ಲೂ ಎಸಿ. ಹಾಕಿಸುವಾಗ ಇರೋ ಉತ್ಸಾಹ ಅದನ್ನು ಕ್ಲೀನ್ ಮಾಡಿಸುವಾಗ ಮಾತ್ರ ಇರಲ್ಲ. ಒಳಗೆ ಹೋದ ತಕ್ಷಣ ಹಸಿ ಬೂಷ್ಟಿನ ವಾಸನೆ, ಹೊರಗೆ ಬಂದ ಮೇಲೆ ಸೀನು, ಕೆಮ್ಮು, ಕೆಲವರಿಗೆ ಉಬ್ಬಸ. ಇದರಿಂದ ಆಸ್ಪತ್ರೆ ಸೇರಬೇಕಾದರೆ ಖರ್ಚು ಯಾರು ಕೊಡಬೇಕು? ಕಾನೂನಿನಲ್ಲಿ ದಾರಿ ಇದೆ. ಆದರೆ ಸಾಕ್ಷಿ ಇಲ್ಲದೆ ಹೋದರೆ ಬರಿಗೈಲಿ ವಾಪಸ್ ಬರಬೇಕಾಗುತ್ತೆ.

ಎಸಿಯಿಂದ ಯಾವ ಕಾಯಿಲೆ ಬರುತ್ತೆ?

ಎಸಿ ಒಳಗೆ ತಣ್ಣನೆಯ ಕಾಯಿಲ್ ಮೇಲೆ ನೀರು ಹನಿಯುತ್ತಾ ಇರುತ್ತೆ. ಫಿಲ್ಟರ್ ತುಂಬಾ ಧೂಳು ಕೂತು, ಡ್ರೈನ್ ಪೈಪ್ ಕಟ್ಟಿಕೊಂಡರೆ ಅಲ್ಲಿ ಬೂಷ್ಟು ಬೆಳೆಯುತ್ತೆ. ಫ್ಯಾನ್ ತಿರುಗಿದಾಗ ಅದರ ಕಣಗಳು ರೂಮಿಗೆಲ್ಲ ಹರಡುತ್ತವೆ. ಅಲರ್ಜಿ ಇರುವವರಿಗೆ ಸೀನು, ನೆಗಡಿ, ಕಣ್ಣುರಿ ಶುರುವಾಗುತ್ತೆ. ಆಸ್ತಮಾ ಇದ್ದವರಿಗೆ ಉಬ್ಬಸ ಜೋರಾಗುತ್ತೆ. ತಿಂಗಳುಗಟ್ಟಲೆ ಅದೇ ಗಾಳಿ ಕುಡಿದ ಕೆಲವರಿಗೆ ಶ್ವಾಸಕೋಶದಲ್ಲೇ ಊತ ಬರಬಹುದು.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅಂಗಡಿಗಳಲ್ಲಿ ಹಾಕಿಸುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರಲ್ಲ. ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಣ್ಣಗೆ ಮಾಡುತ್ತೆ. ಬಾಗಿಲು, ಕಿಟಕಿ ಎಲ್ಲಾ ಮುಚ್ಚಿದ್ದರೆ ಒಬ್ಬರ ಕೆಮ್ಮು ಎಲ್ಲರ ಪಾಲಿಗೂ ಬರುತ್ತೆ.

ಎಲ್ಲಕ್ಕಿಂತ ಅಪಾಯಕಾರಿ ಅಂದರೆ ಲೀಜಿಯೊನೇರ್ಸ್ ಅನ್ನೋ ನ್ಯುಮೋನಿಯಾ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಮಾಜಿ ಸೈನಿಕರ ಸಮ್ಮೇಳನ ನಡೆದಾಗ ಇದು ಮೊದಲು ಬೆಳಕಿಗೆ ಬಂತು. ಇದರ ಬ್ಯಾಕ್ಟೀರಿಯಾ ನೀರಿನಲ್ಲಿ ಬೆಳೆಯುತ್ತೆ. ದೊಡ್ಡ ಕಟ್ಟಡಗಳ ಎಸಿಗೆ ಇರುವ ಕೂಲಿಂಗ್ ಟವರ್‌ನ ನೀರನ್ನು ಶುದ್ಧ ಮಾಡದಿದ್ದರೆ ಆವಿಯ ಜೊತೆ ಹೊರಗೆ ಬಂದು ಜನರ ಶ್ವಾಸಕೋಶ ಸೇರುತ್ತೆ. ಸ್ಪ್ಲಿಟ್ ಎಸಿಗೆ ಕೂಲಿಂಗ್ ಟವರ್ ಇರಲ್ಲ, ಹಾಗಾಗಿ ನಮ್ಮ ಅಂಗಡಿ ಎಸಿಗಳಿಂದ ಈ ಕಾಯಿಲೆ ಬರುವ ಸಂಭವ ತೀರಾ ಕಡಿಮೆ. ಆದರೆ ದೊಡ್ಡ ಊರಿನ ಹೋಟೆಲು, ಆಸ್ಪತ್ರೆ, ಮಾಲ್‌ಗೆ ಹೋಗಿ ಬಂದ ಎರಡು ವಾರದೊಳಗೆ ಜೋರು ಜ್ವರ, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಆ ವಿಷಯ ಡಾಕ್ಟರಿಗೆ ಹೇಳಲೇಬೇಕು. ಮೂತ್ರ ಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಹುದು.

ಒಂದು ಸಣ್ಣ ಊರಿನ ಪಾಠ

ನಿರ್ವಹಣೆ ಬಿಟ್ಟರೆ ಏನಾಗುತ್ತೆ ಅನ್ನೋದಕ್ಕೆ ಇಂಗ್ಲೆಂಡಿನ ಬ್ಯಾರೋ ಅನ್ನೋ ಊರಿನ ಪ್ರಕರಣ ನೋಡಿ. 2002ರ ಬೇಸಿಗೆಯಲ್ಲಿ ಅಲ್ಲಿನ ಸ್ಥಳೀಯ ಆಡಳಿತದ ಕಲಾಭವನದ ಎಸಿಯಿಂದ ಹೊರಬಂದ ಆವಿಯಿಂದಾಗಿ ಲೀಜಿಯೊನೇರ್ಸ್ ಹರಡಿತು. 7 ಜನ ಸತ್ತರು, 170ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕಟ್ಟಡದ ಒಳಗೆ ಕಾಲಿಡದೆ ಪಕ್ಕದ ಓಣಿಯಲ್ಲಿ ನಡೆದುಹೋದವರಿಗೂ ಸೋಂಕು ತಗುಲಿತ್ತು. ಎಸಿ ನೀರಿನ ಶುದ್ಧೀಕರಣದ ಕೆಲಸವೇ ನಿಂತುಹೋಗಿತ್ತು ಅನ್ನೋದು ತನಿಖೆಯಲ್ಲಿ ಗೊತ್ತಾಯ್ತು. 2006ರಲ್ಲಿ ಕೋರ್ಟು ಆ ಆಡಳಿತಕ್ಕೆ 1,25,000 ಪೌಂಡ್ ದಂಡ ಹಾಕಿತು. ಎಸಿ ಯಾರದ್ದೋ ನೋಡಿಕೊಳ್ಳುವ ಹೊಣೆ ಅವರದ್ದೇ.

ನೀವು ಯಾರು ಅನ್ನೋದರ ಮೇಲೆ ದಾರಿ

*ದುಡ್ಡು ಕೊಟ್ಟು ಸೇವೆ ಪಡೆದ ಗ್ರಾಹಕರು:* ಲಾಡ್ಜಿನಲ್ಲಿ ಎಸಿ ರೂಮ್ ಮಾಡಿದವರು, ಎಸಿ ಬಸ್ಸಿನ ಟಿಕೆಟ್ ತಗೊಂಡವರು, ನರ್ಸಿಂಗ್ ಹೋಂನಲ್ಲಿ ಬಿಲ್ ಕಟ್ಟಿದವರು ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ 'ಸೇವಾ ನ್ಯೂನತೆ' ಅಂತ ದೂರು ಕೊಡಬಹುದು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಇದರಡಿ ಬರಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

*ಏನೂ ಕೊಳ್ಳದೆ ಅಂಗಡಿಗೆ ಹೋಗಿ ಬಂದವರು:* ಇವರು ಗ್ರಾಹಕರು ಅಂತ ವಾದಿಸುವುದು ಕಷ್ಟ. ಸಿವಿಲ್ ಕೋರ್ಟಿನಲ್ಲಿ ನಿರ್ಲಕ್ಷ್ಯದ ದಾವೆ ಹಾಕಬೇಕಾಗುತ್ತೆ, ಅದಕ್ಕೆ ವಕೀಲರ ಸಲಹೆ ಬೇಕು.

*ಮನೆಗೆ ಎಸಿ ಕೊಂಡವರು:* ದೋಷವಿದ್ದ ಎಸಿ ಕೊಟ್ಟ ಕಂಪನಿ, ಮಾರಿದ ಅಂಗಡಿ, ಸರ್ವಿಸ್ ಸರಿ ಮಾಡದ ಏಜೆನ್ಸಿ ಮೇಲೆ ಅದೇ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಪರಿಹಾರ ಕೇಳಬಹುದು.

*ಅಂಗಡಿಗೆ ಎಸಿ ಹಾಕಿಸಿದ ಮಾಲೀಕರು:* ವ್ಯಾಪಾರದ ಉದ್ದೇಶಕ್ಕೆ ಕೊಂಡ ವಸ್ತುವಿಗೆ ಗ್ರಾಹಕ ಆಯೋಗದಲ್ಲಿ ಜಾಗ ಇಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ನಡೆಸುವ ಅಂಗಡಿಗೆ ವಿನಾಯಿತಿ ಇದೆ. ದೂರಿನಲ್ಲೇ ಅದನ್ನು ಸ್ಪಷ್ಟವಾಗಿ ಬರೆಯಬೇಕು.

*ಕೆಲಸಗಾರರು:* ದಿನಕ್ಕೆ ಎಂಟೊಂಬತ್ತು ಗಂಟೆ ಅದೇ ಗಾಳಿ ಕುಡಿಯುವವರು ಇವರೇ. ಇವರ ದೂರು ಗ್ರಾಹಕ ಆಯೋಗಕ್ಕೆ ಹೋಗಲ್ಲ. ಇಎಸ್‌ಐ ಇದ್ದರೆ ಚಿಕಿತ್ಸೆಯ ಜೊತೆಗೆ ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70 ಸಿಗುತ್ತೆ. ಅದಕ್ಕೆ ಕಾಯಿಲೆ ಎಸಿಯಿಂದಲೇ ಬಂತು ಅಂತ ಸಾಬೀತು ಮಾಡೋ ಅಗತ್ಯವೂ ಇಲ್ಲ. ಇಎಸ್‌ಐ ಇಲ್ಲದವರು ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಆಮೇಲೆ ಕಾರ್ಮಿಕ ಇಲಾಖೆಗೆ ಹೋಗಬೇಕು.

ಕೇಸು ನಿಲ್ಲೋದೂ ಬೀಳೋದೂ ಸಾಕ್ಷಿ ಮೇಲೆ

ಎಸಿ ಗಲೀಜಾಗಿತ್ತು ಅಂತ ತೋರಿಸಿದರೆ ಸಾಲದು. ಕಾಯಿಲೆ ಅದರಿಂದಲೇ ಬಂತು ಅನ್ನೋದನ್ನೂ ತೋರಿಸಬೇಕು. ಎದುರು ಪಕ್ಷದವರು ಸುಮ್ಮನೆ ಕೂರಲ್ಲ. 'ನೀವು ತರೀಕೆರೇಲಿ ಅಡಿಕೆ ಸುಲಿಯೋ ಕಡೆ ಇರ್ತೀರಿ, ಆ ಧೂಳಿಂದ ಬಂದಿರಬಹುದು', 'ಕಡೂರಲ್ಲಿ ಕೊಬ್ಬರಿ ವ್ಯಾಪಾರ ಮಾಡ್ತೀರಿ', 'ಬೀಡಿ ಸೇದ್ತೀರಿ' ಅಂತ ಕೇಳೇ ಕೇಳ್ತಾರೆ. ಅದಕ್ಕೆ ಉತ್ತರ ಇಟ್ಟುಕೊಳ್ಳಬೇಕು. ಇವಿಷ್ಟು ಜೋಪಾನ ಮಾಡಿ:

1. ನೀವು ಅಲ್ಲಿದ್ದಿರಿ ಅನ್ನೋದಕ್ಕೆ ಬಿಲ್, ಟಿಕೆಟ್, ಫೋನ್ ಪೇ ದಾಖಲೆ. 'ಬಿಲ್ ಬೇಡ ಬಿಡಿ' ಅನ್ನೋ ಅಭ್ಯಾಸ ಬಿಟ್ಟುಬಿಡಿ.

2. ಎಸಿಯ ಫೋಟೊ, ವಿಡಿಯೊ. ಬೂಷ್ಟು, ನೀರು ಸೋರೋದು, ಕಪ್ಪಾದ ಫಿಲ್ಟರ್ ಕಾಣಬೇಕು. ತೆಗೆದ ಮೊಬೈಲನ್ನೂ, ಮೂಲ ಫೈಲನ್ನೂ ಹಾಗೇ ಇಟ್ಟುಕೊಳ್ಳಿ.

3. ಡಾಕ್ಟರ್ ಚೀಟಿ. ತೋರಿಸಲು ಹೋದಾಗ 'ಇಂಥ ಕಡೆ ಇಷ್ಟು ದಿನ ಇದ್ದೆ, ಆಮೇಲೆ ಶುರುವಾಯ್ತು' ಅಂತ ಹೇಳಿ, ಅದನ್ನು ಚೀಟಿಯಲ್ಲಿ ಬರೆಯಲು ಕೇಳಿ. ಮೆಡಿಕಲ್ ಶಾಪಿನಲ್ಲಿ ಮಾತ್ರೆ ಕೇಳಿ ತಗೊಂಡು ಸುಮ್ಮನಾದರೆ ದಾಖಲೆಯೇ ಇರಲ್ಲ.

4. ದಿನಚರಿ. ಯಾವ ದಿನ ಕೆಮ್ಮು ಜಾಸ್ತಿ, ಯಾವ ದಿನ ಕಡಿಮೆ ಅಂತ ಬರೆದಿಡಿ. ಅಲ್ಲಿಗೆ ಹೋಗದ ದಿನ ಆರಾಮಾಗಿ, ಮತ್ತೆ ಹೋದ ದಿನ ತಿರುಗಿ ಶುರುವಾದರೆ ಅದು ಡಾಕ್ಟರಿಗೂ ಆಯೋಗಕ್ಕೂ ಉಪಯೋಗಕ್ಕೆ ಬರುತ್ತೆ.

5. ಬರಹದ ದೂರು. ಮ್ಯಾನೇಜರಿಗೆ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ. ವಾಟ್ಸ್‌ಆ್ಯಪ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

6. ತೊಂದರೆ ಆದ ಬೇರೆಯವರು. ಒಂದೇ ಥರ ತೊಂದರೆ ಆದ ಹಲವರು ಸೇರಿ ಒಟ್ಟಿಗೆ ದೂರು ಕೊಡಲೂ ಅವಕಾಶ ಇದೆ.

ದೂರು ಎಲ್ಲಿ, ಹೇಗೆ?

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೆಲವು ಸಲ ಅಲ್ಲೇ ಇತ್ಯರ್ಥ ಆಗುತ್ತೆ. ಆಗದಿದ್ದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ತೊಂದರೆ ಆಗಿದ್ದು ಬೆಂಗಳೂರಿನ ಹೋಟೆಲಿನಲ್ಲಾದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇದು 2019ರ ಕಾಯ್ದೆಯಲ್ಲಿ ಬಂದ ದೊಡ್ಡ ಅನುಕೂಲ.

ವಕೀಲರು ಕಡ್ಡಾಯ ಅಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅರ್ಜಿ ಹಾಕಬಹುದು. ಸೇವೆಗೆ ನೀವು ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ಗಮನಿಸಿ, ಇಲ್ಲಿ ಲೆಕ್ಕ ಹಿಡಿಯೋದು ನೀವು ಕೊಟ್ಟ ಹಣ, ಕೇಳುವ ಪರಿಹಾರ ಅಲ್ಲ. 1,500 ರೂಪಾಯಿ ರೂಮಿನಿಂದ ಕಾಯಿಲೆ ಬಿದ್ದು 2 ಲಕ್ಷ ಕೇಳಿದರೂ ಶುಲ್ಕ ಸೊನ್ನೆ. ಆಸ್ಪತ್ರೆ ಖರ್ಚು, ಹೋದ ದುಡಿಮೆ, ಅನುಭವಿಸಿದ ತೊಂದರೆ, ದೂರಿನ ಖರ್ಚು ಎಲ್ಲವನ್ನೂ ಬೇರೆ ಬೇರೆ ಬರೆದು, ಒಂದೊಂದಕ್ಕೂ ರಸೀದಿ ಹಚ್ಚಿ. ಲೆಕ್ಕ ಇಲ್ಲದೆ ದೊಡ್ಡ ಮೊತ್ತ ಬರೆದರೆ ಪ್ರಯೋಜನ ಇಲ್ಲ.

ಗಡುವು ಎರಡು ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಬೇಕು. ಆದೇಶ ಒಪ್ಪಿಗೆ ಇಲ್ಲದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಬಹುದು.

ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯಬಹುದು. ಕಡೂರು, ತರೀಕೆರೆ ಕೋರ್ಟುಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಅಜ್ಜಂಪುರದವರು 15100ಕ್ಕೆ ಕರೆ ಮಾಡಿ ಕೇಳಬಹುದು.

ಅಂಗಡಿಯವರು ಏನು ಮಾಡಬೇಕು?

ಸೀಸನ್‌ನಲ್ಲಿ ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ಬೇಸಿಗೆಗೆ ಮೊದಲು ಕಾಯಿಲ್, ನೀರಿನ ಟ್ರೇ, ಡ್ರೈನ್ ಪೈಪ್ ಸರ್ವಿಸ್ ಮಾಡಿಸಿ. ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು ಆಮೇಲೆ ಎಸಿ ಹಾಕಿ. ಒಂದು ಸಣ್ಣ ಪುಸ್ತಕದಲ್ಲಿ ಸರ್ವಿಸ್ ತಾರೀಖು ಬರೆದು ಮೆಕ್ಯಾನಿಕ್ ಸಹಿ ಹಾಕಿಸಿ, ಬಿಲ್ ಅಂಟಿಸಿ. ನಾಳೆ ಯಾರಾದರೂ ದೂರು ಕೊಟ್ಟರೆ ನಿಮ್ಮನ್ನು ಕಾಪಾಡೋದು ಆ ಪುಸ್ತಕವೇ. ಬಾಡಿಗೆ ಮಳಿಗೆ ಆದರೆ ಎಸಿ ಸರ್ವಿಸ್ ಯಾರ ಹೊಣೆ ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

ಆಯೋಗದಿಂದ ನೋಟಿಸ್ ಬಂದರೆ ಡ್ರಾಯರ್‌ಗೆ ಹಾಕಿ ಮರೆಯಬೇಡಿ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ. ಅದಾದ ಮೇಲೆ ಒಂದು ದಿನವೂ ಸಿಗಲ್ಲ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಹೇಳಿದೆ. ಪರಿಹಾರದ ಆದೇಶ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಅಥವಾ ಕನಿಷ್ಠ 25 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ ಬೀಳಬಹುದು. ಅದಕ್ಕಿಂತ ಎಸಿ ಸರ್ವಿಸ್ ಖರ್ಚು ಎಷ್ಟೋ ಕಡಿಮೆ.