ಆರಕ್ಕೇರಿ ಒಂದಕ್ಕಿಳಿಯುವ ಲೆಕ್ಕ

27994681 ಎಂಬ ಸಂಖ್ಯೆಯನ್ನು 441ರಿಂದ ಗುಣಿಸಿ ನೋಡಿ. ಕ್ಯಾಲ್ಕುಲೇಟರ್ ಬೇಡ, ಕಾಗದ ಪೆನ್ಸಿಲ್ ಸಾಕು. ಒಂದರ ಸಾಲಿನಲ್ಲಿ ಅದೇ 27994681. ನಲವತ್ತರ ಸಾಲಿನಲ್ಲಿ 1119787240. ನಾನೂರರ ಸಾಲಿನಲ್ಲಿ 11197872400. ಮೂರು ಸಾಲುಗಳಲ್ಲೂ ಯಾವ ಸುಳಿವೂ ಇಲ್ಲ. ಕೂಡಿದಾಗ ಬರುವುದು 12345654321.

ಈ ಲೆಕ್ಕ 9ನೆಯ ಶತಮಾನದ್ದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ ಗುಣಾಕಾರದ ಪಾಠದಲ್ಲಿದೆ. ಇಂಥ ಉತ್ತರಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ. 333333666667ನ್ನು 33ರಿಂದ ಗುಣಿಸಿದರೆ 11000011000011. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಮಗ್ಗಿಯ ಬೇಸರ ಕಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ತೋಚುವುದಿಲ್ಲ. ವಿದ್ಯಾರ್ಥಿ ಎಲ್ಲಿಯಾದರೂ ದಶಕ ಮರೆತರೆ ಹಾರ ತುಂಡಾಗುತ್ತದೆ. ತಪ್ಪನ್ನು ಗುರುಗಳು ಹೇಳಬೇಕಾಗಿಯೇ ಇಲ್ಲ.

ಮೊದಲ ಲೆಕ್ಕದ ಗುಟ್ಟು ಆರು ಒಂದುಗಳಲ್ಲಿದೆ. 111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಸಲ, ಪ್ರತಿ ಸಲವೂ ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯುತ್ತೇವೆ. ಅಂಚಿನ ಕಂಬಸಾಲಿನಲ್ಲಿ ಒಂದೇ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು; ಮತ್ತೆ ಇಳಿಮುಖ. ಯಾವ ಸಾಲೂ ಹತ್ತನ್ನು ಮುಟ್ಟದ್ದರಿಂದ ದಶಕದ ಗೊಡವೆಯೇ ಇಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ. ಹತ್ತಾದರೆ ನಡುಸಾಲು ಉಕ್ಕಿ ಉತ್ತರ 1234567900987654321 ಆಗುತ್ತದೆ, ಅಂದ ಕೆಡುತ್ತದೆ.

ಆದರೆ 111111 ಗುಣಿಸು 111111 ಎಂದು ಕೇಳಿದರೆ ಹುಡುಗರು ಉತ್ತರವನ್ನು ಮೊದಲೇ ವಾಸನೆ ಹಿಡಿಯುತ್ತಾರೆ. ಬಚ್ಚಿಡಬೇಕು. 111111 ಅಂದರೆ 111ನ್ನು 1001ರಿಂದ ಗುಣಿಸಿದ್ದು. 111 ಒಡೆದರೆ 3 ಮತ್ತು 37, 1001 ಒಡೆದರೆ 7, 11, 13. ಐದೂ ಅವಿಭಾಜ್ಯಗಳು. ವರ್ಗ ಮಾಡಿದಾಗ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. 3 ಮತ್ತು 7ನ್ನು ಒಂದು ಕಡೆ ಸೇರಿಸಿದರೆ 21, ಅದರ ವರ್ಗ 441. ಉಳಿದ 11, 13, 37ರ ಗುಣಲಬ್ಧ 5291, ಅದರ ವರ್ಗವೇ 27994681. ಆಚಾರ್ಯರು ಉತ್ತರದಿಂದ ಹಿಂದಕ್ಕೆ ನಡೆದೇ ಪ್ರಶ್ನೆ ಕಟ್ಟಿರಬೇಕು ಎಂದು ನನ್ನ ಊಹೆ. ಇಷ್ಟು ಅಚ್ಚುಕಟ್ಟು ಆಕಸ್ಮಿಕವಾಗಿ ಬರುವಂಥದ್ದಲ್ಲ.

ಆರೇ ಏಕೆ? 12345654321ಕ್ಕೆ ಒಟ್ಟು 243 ಭಾಜಕಗಳಿವೆ. 111111ನ್ನು ಬಿಟ್ಟು ಉಳಿದವನ್ನು ಜೋಡಿ ಮಾಡಿದರೆ 121 ಜೋಡಿ. (ಈ 121 ಕೂಡ ಹಿಂದುಮುಂದು ಒಂದೇ, ಇರಲಿ.) ಪ್ರಶ್ನೆ ಕಟ್ಟುವವನಿಗೆ ಸುಗ್ಗಿ. ಐದು ಒಂದುಗಳು ಒಡೆಯುವುದು 41 ಮತ್ತು 271 ಎಂದು ಮಾತ್ರ. ಏಳು ಒಂದುಗಳಾದರೆ 239 ಮತ್ತು 4649, ಅಷ್ಟೇ. ಅದರ ವರ್ಗಕ್ಕೆ ಸಿಗುವ ಜೋಡಿಗಳು ನಾಲ್ಕು, ಅದರಲ್ಲೂ ಒಂದು ಜೋಡಿ ಬರೀ ಒಂದರಿಂದ ಗುಣಿಸುವುದು.