‘ಪುಟ್ ಆನ್’ ಎಂಬ ಕ್ರಿಯಾಪದವೂ ನಮ್ಮ ಉಡುಗೆ ತೊಡುಗೆಯೂ

ಇಂಗ್ಲಿಷ್ ಭಾಷೆಯನ್ನು ಕಲಿಯುವ ನಮ್ಮ ಹೆಣ್ಣುಮಕ್ಕಳಿಗೆ ದೊಡ್ಡ ದೊಡ್ಡ ಶಬ್ದಗಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಅವುಗಳ ಅರ್ಥವು ನಿಘಂಟಿನಲ್ಲಿ ದೊರೆಯುತ್ತದೆ. ತೊಂದರೆಯೆಲ್ಲವೂ ಚಿಕ್ಕ ಶಬ್ದಗಳಿಂದ. ‘ಪುಟ್’ ಎಂದರೆ ಇಡು, ‘ಆನ್’ ಎಂದರೆ ಮೇಲೆ. ಇವೆರಡನ್ನೂ ಬಲ್ಲ ಹುಡುಗಿಯು ‘ಪುಟ್ ಆನ್’ ಎಂಬುದನ್ನು ಕಂಡೊಡನೆ ‘ಮೇಲೆ ಇಡು’ ಎಂದು ಬರೆದುಬಿಡುತ್ತಾಳೆ. ಆದರೆ ಎರಡು ಶಬ್ದಗಳು ಕೂಡಿದಾಗ ಹುಟ್ಟಿದ ಅರ್ಥವು ಮೂರನೆಯದು. ಹೀಗೆ ಕೂಡಿ ನಿಲ್ಲುವ ಕ್ರಿಯಾಪದಗಳಿಗೆ ಇಂಗ್ಲಿಷ್ ವೈಯಾಕರಣರು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಈ ಹೆಸರು ಬಹಳ ಹಳೆಯದೇನಲ್ಲ. ಲೋಗನ್ ಪಿಯರ್‌ಸಲ್ ಸ್ಮಿತ್ ಎಂಬವರು 1925ರಲ್ಲಿ ಪ್ರಕಟಿಸಿದ ಗ್ರಂಥವೊಂದರಿಂದ ಅದು ಬಳಕೆಗೆ ಬಂತು. ಆದರೆ ಪ್ರಯೋಗವು ಹೆಸರಿಗಿಂತ ಎಷ್ಟೋ ಹಿಂದಿನದು.

‘ಪುಟ್ ಆನ್’ ಎಂಬುದರ ಮೊದಲನೆಯ ಅರ್ಥವು ಮೈಮೇಲೆ ಧರಿಸುವುದು. ಇಲ್ಲಿಯೇ ಕನ್ನಡಿತಿಯು ತಡೆದು ನಿಲ್ಲಬೇಕಾಗುತ್ತದೆ. ಏಕೆಂದರೆ ಇಂಗ್ಲಿಷರು ಒಂದೇ ಮಾತಿನಿಂದ ತೀರಿಸಿಕೊಳ್ಳುವ ಕೆಲಸಕ್ಕೆ ನಮ್ಮಲ್ಲಿ ಹತ್ತು ಮಾತುಗಳುಂಟು. ಸೀರೆಯನ್ನು ಉಡುತ್ತೇವೆ, ಕುಪ್ಪಸವನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಕುಂಕುಮವನ್ನು ಇಡುತ್ತೇವೆ, ಕಾಡಿಗೆಯನ್ನು ಹಚ್ಚುತ್ತೇವೆ, ಕಂಬಳಿಯನ್ನು ಹೊದೆಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಗಂಡಸರು ರುಮಾಲನ್ನು ಸುತ್ತುತ್ತಾರೆ. ಕುಷ್ಟಗಿಯ ನೆರೆಯಲ್ಲಿರುವ ಇಳಕಲ್ಲಿನ ಸೀರೆಯನ್ನು ‘ತೊಟ್ಟಳು’ ಎಂದರೂ, ಗುಳೇದಗುಡ್ಡದ ಖಣದ ಕುಪ್ಪಸವನ್ನು ‘ಉಟ್ಟಳು’ ಎಂದರೂ ನಮ್ಮ ಅಜ್ಜಿಯರು ನಗದೆ ಇರಲಾರರು. ಇಂಗ್ಲಿಷಿನಲ್ಲಿಯಾದರೋ ಇವೆಲ್ಲಕ್ಕೂ ‘ಪುಟ್ ಆನ್’ ಎಂಬುದೊಂದೇ ಸಾಕು.

ಈ ಭೇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕನ್ನಡವು ಕೈ ಮಾಡುವ ಕೆಲಸವನ್ನು ನೋಡುತ್ತದೆ. ಹೊಲಿಯದ ಬಟ್ಟೆಯನ್ನು ನಡುವಿಗೆ ಸುತ್ತಿಕೊಂಡರೆ ಅದು ಉಡುವುದು. ಆದ್ದರಿಂದ ಸೀರೆಗೂ ಧೋತರಕ್ಕೂ ಒಂದೇ ಮಾತು. ಹೊಲಿದ ಬಟ್ಟೆಯೊಳಗೆ ತೋಳನ್ನು ತೂರಿಸಿದರೆ ತೊಡುವುದು. ಅದರಿಂದಲೇ ಅಂಗಿಗೂ ಬಳೆಗೂ ಆ ಮಾತು ಒಪ್ಪುತ್ತದೆ. ಮೇಲಿನಿಂದ ಮುಚ್ಚಿದರೆ ಹೊದೆಯುವುದು. ಕಾಲ ಕೆಳಗೆ ಒತ್ತಿದರೆ ಮೆಟ್ಟುವುದು. ಇಂಗ್ಲಿಷ್ ಈ ಕೆಲಸವನ್ನು ನೋಡದೆ ಅದರ ಫಲವನ್ನು ಮಾತ್ರ ನೋಡುತ್ತದೆ: ವಸ್ತುವು ಬಂದು ಮೈಯನ್ನು ಮುಟ್ಟಿತೇ? ಹಾಗಾದರೆ ‘ಆನ್’. ಇಂಗ್ಲಿಷಿನ ‘ಡಾನ್’ ಎಂಬ ಹಳೆಯ ಶಬ್ದವೂ ‘ಡೂ ಆನ್’ ಎಂಬುದು ಕೂಡಿಹೋಗಿ ಆದದ್ದೇ. ‘ಉಡುಗೆ ತೊಡುಗೆ’ ಎಂದು ನಾವು ಜೋಡಿಯಾಗಿ ಹೇಳುವಾಗ ಈ ಭೇದವನ್ನು ಅರಿಯದೆಯೇ ಕಾಪಾಡಿಕೊಂಡು ಬಂದಿದ್ದೇವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನು ತೆರೆದರೆ ಉಡು, ತೊಡು, ಮುಡಿ, ಹೊದೆ, ಮೆಟ್ಟು ಎಂಬಿವು ತಮ್ಮ ತಮ್ಮ ಸ್ಥಾನಗಳಲ್ಲಿ ಬೇರೆ ಬೇರೆಯಾಗಿ ನಿಂತಿರುವುದನ್ನು ಕಾಣಬಹುದು.

ಈಗ ಪರೀಕ್ಷೆಯಲ್ಲಿ ಅಂಕಗಳನ್ನು ಕಳೆಯುವ ತಪ್ಪಿಗೆ ಬರೋಣ. ‘ಅವಳು ಕೆಂಪು ಸೀರೆ ಉಟ್ಟಿದ್ದಾಳೆ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸಿರೆಂದರೆ ಹತ್ತರಲ್ಲಿ ಆರು ಮಂದಿ ‘ಶೀ ಈಸ್ ಪುಟಿಂಗ್ ಆನ್ ಎ ರೆಡ್ ಸಾರಿ’ ಎಂದು ಬರೆಯುವರು. ಹೀಗೆಂದರೆ ಅವಳು ಈ ಕ್ಷಣದಲ್ಲಿ, ಕನ್ನಡಿಯ ಮುಂದೆ, ನಿರಿಗೆ ಹಿಡಿಯುತ್ತಿದ್ದಾಳೆ ಎಂದರ್ಥ! ‘ಪುಟ್ ಆನ್’ ಎಂಬುದು ಉಡುವ ಕೆಲಸ. ಉಟ್ಟ ಬಳಿಕ ಇರುವ ಸ್ಥಿತಿಗೆ ‘ವೇರ್’ ಎಂಬ ಬೇರೆ ಮಾತುಂಟು. ಆದಕಾರಣ ‘ಶೀ ಈಸ್ ವೇರಿಂಗ್ ಎ ರೆಡ್ ಸಾರಿ’ ಎನ್ನಬೇಕು. ಈ ಭೇದವು ನಮಗೆ ಹೊಸದೇನಲ್ಲ. ‘ಉಡುತ್ತಿದ್ದಾಳೆ’ ಎಂಬುದಕ್ಕೂ ‘ಉಟ್ಟಿದ್ದಾಳೆ’ ಎಂಬುದಕ್ಕೂ ಇರುವ ಅಂತರವನ್ನು ಮೂರು ವರ್ಷದ ಮಗುವೂ ಬಲ್ಲದು. ನಾವು ಕ್ರಿಯಾಪದದ ಕೊನೆಯನ್ನು ಬದಲಿಸಿ ತೋರಿಸುವುದನ್ನು ಅವರು ಶಬ್ದವನ್ನೇ ಬದಲಿಸಿ ತೋರಿಸುತ್ತಾರೆ, ಅಷ್ಟೇ. ಬರೆಯುವುದಕ್ಕೆ ಮುಂಚೆ ಕನ್ನಡದಲ್ಲಿ ಒಮ್ಮೆ ಹೇಳಿಕೊಂಡರೆ ಸಂದೇಹವು ತಾನಾಗಿ ಪರಿಹಾರವಾಗುತ್ತದೆ.

ಇನ್ನೊಂದು ತೊಡಕು ಶಬ್ದಗಳ ಸ್ಥಾನದ್ದು. ‘ಪುಟ್ ಆನ್ ಯುವರ್ ಶೂಸ್’ ಎಂದರೂ ಸರಿ, ‘ಪುಟ್ ಯುವರ್ ಶೂಸ್ ಆನ್’ ಎಂದರೂ ಸರಿ. ಆದರೆ ನಾಮಪದದ ಬದಲು ಸರ್ವನಾಮವು ಬಂದರೆ ಅದು ನಡುವೆಯೇ ಕೂರಬೇಕು: ‘ಪುಟ್ ದೆಮ್ ಆನ್’. ‘ಪುಟ್ ಆನ್ ದೆಮ್’ ಎಂದರೆ ಅವುಗಳ ಮೇಲೆ ಏನನ್ನೋ ಇಡು ಎಂಬಂತಾಗುವುದು. ‘ಶೀ ಪುಟ್ ದ ಪಾಟ್ ಆನ್ ದ ಸ್ಟೋವ್’ ಎಂಬಲ್ಲಿ ನಿಜವಾಗಿಯೂ ಗಡಿಗೆಯನ್ನು ಒಲೆಯ ಮೇಲೆ ಇಟ್ಟದ್ದೇ ಸರಿ. ಅಲ್ಲಿ ‘ಆನ್’ ಎಂಬುದು ಒಲೆಗೆ ಸೇರಿದ್ದು, ಕ್ರಿಯಾಪದಕ್ಕಲ್ಲ. ಭೂತಕಾಲದಲ್ಲಿ ‘ಪುಟ್’ ಎಂಬುದು ಬದಲಾಗುವುದಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಪುಟ್ಟೆಡ್’ ಎಂಬ ಶಬ್ದವು ಈ ಅರ್ಥದಲ್ಲಿ ಇಂಗ್ಲಿಷಿನಲ್ಲಿಲ್ಲ.

ಬೇರೊಬ್ಬರಿಗೆ ತೊಡಿಸುವಾಗ ಕನ್ನಡದ ಸೊಗಸು ಇನ್ನೂ ಹೆಚ್ಚು. ಉಡು ಎಂಬುದು ಉಡಿಸು ಆಗುತ್ತದೆ, ತೊಡು ತೊಡಿಸು ಆಗುತ್ತದೆ, ಮುಡಿ ಮುಡಿಸು ಆಗುತ್ತದೆ. ತಾಯಿಯು ಮಗುವಿಗೆ ಅಂಗಿ ತೊಡಿಸಿದಳು ಎಂಬುದನ್ನು ಇಂಗ್ಲಿಷಿನಲ್ಲಿ ‘ದ ಮದರ್ ಪುಟ್ ದ ಶರ್ಟ್ ಆನ್ ದ ಚೈಲ್ಡ್’ ಎನ್ನಬೇಕು. ಬಳೆಗಾರನ ಮುಂದೆ ಕೈಯೊಡ್ಡಿ ಕುಳಿತವಳು ಬಳೆ ಇಡಿಸಿಕೊಳ್ಳುತ್ತಾಳೆ. ಬಳೆ ಅವಳದು, ಕೆಲಸ ಅವನದು. ಇದಕ್ಕೆ ‘ಶೀ ಹ್ಯಾಡ್ ಹರ್ ಬ್ಯಾಂಗಲ್ಸ್ ಪುಟ್ ಆನ್’ ಎಂದು ಸುತ್ತಿ ಹೇಳಬೇಕಾಗುವುದು.

ಬಟ್ಟೆಯನ್ನು ಬಿಟ್ಟರೆ ಈ ಕ್ರಿಯಾಪದಕ್ಕೆ ಇನ್ನೂ ಕೆಲವು ಉಪಯೋಗಗಳಿವೆ. ‘ಪುಟ್ ಆನ್ ದ ಲೈಟ್’ ಎಂದರೆ ವಿದ್ಯುದ್ದೀಪವನ್ನು ಹಚ್ಚು. ಎಣ್ಣೆಯ ಹಣತೆಗೆ ಈ ಮಾತು ಸಲ್ಲದು, ಅದಕ್ಕೆ ‘ಲೈಟ್ ದ ಲ್ಯಾಂಪ್’ ಎನ್ನಬೇಕು. ‘ಪುಟ್ ಆನ್ ವೆಯ್ಟ್’ ಎಂದರೆ ಮೈ ತುಂಬಿಕೊಳ್ಳುವುದು. ‘ಪುಟ್ ಆನ್ ಎ ಪ್ಲೇ’ ಎಂದರೆ ನಾಟಕವಾಡುವುದು. ‘ಪುಟ್ ಆನ್ ಏರ್ಸ್’ ಎಂಬುದನ್ನು ಗಾಳಿಗೆ ಸಂಬಂಧಪಟ್ಟದ್ದೆಂದು ತಿಳಿಯಬಾರದು. ಅದು ಇಲ್ಲದ ದೊಡ್ಡಸ್ತಿಕೆಯನ್ನು ತೋರುವ ಬಡಿವಾರ. ವಿಚಿತ್ರವೆಂದರೆ ಈ ಕಡೆಯ ಅರ್ಥದಲ್ಲಿ ಕನ್ನಡವೂ ಇಂಗ್ಲಿಷಿನ ದಾರಿಯನ್ನೇ ಹಿಡಿದಿದೆ. ಬಯಲಾಟದವನು ವೇಷ ಹಾಕುತ್ತಾನೆ, ಕಪಟಿಯು ಸೋಗು ಹಾಕುತ್ತಾನೆ. ಮನಸ್ಸಿನ ಗುಣಗಳನ್ನು ಉಡುಪಿನಂತೆ ಧರಿಸುವ ಮಾತು ಸತ್ಯವೇದದ ಪತ್ರಿಕೆಗಳಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ‘ಪುಟ್ ಆನ್’ ಎಂದಿರುವಲ್ಲಿ ಕನ್ನಡದವರು ‘ಧರಿಸಿಕೊಳ್ಳು’ ಎಂದಿದ್ದಾರೆ. ಅಂತಹ ಸ್ಥಳದಲ್ಲಿ ಉಡು ತೊಡುಗಳಲ್ಲಿ ಯಾವುದನ್ನೂ ಆರಿಸಲಾಗದು. ಸಂಸ್ಕೃತದಿಂದ ಬಂದ ‘ಧರಿಸು’ ಎಂಬುದೇ ಅಲ್ಲಿ ಯೋಗ್ಯ.

ನಮ್ಮ ಸಿದ್ದಾಪುರದ ಸೀಮೆಯು 1956ರವರೆಗೆ ಹೈದರಾಬಾದು ಸಂಸ್ಥಾನಕ್ಕೂ ರಾಜ್ಯಕ್ಕೂ ಸೇರಿದ್ದಿತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಅದರಲ್ಲಿ ‘ಪಹನ್‌ನಾ’ ಎಂಬುದೊಂದೇ ಮಾತು ಸೀರೆಗೂ ಅಂಗಿಗೂ ಪಾದರಕ್ಷೆಗೂ ಬಳೆಗೂ ಸಲ್ಲುತ್ತದೆ. ಒಂದೆಡೆ ಉರ್ದು, ಇನ್ನೊಂದೆಡೆ ಇಂಗ್ಲಿಷ್. ಇವೆರಡರ ನಡುವೆಯೂ ಹಳ್ಳಿಯ ಹೆಂಗಸರ ಬಾಯಲ್ಲಿ ಉಡು ತೊಡುಗಳು ಕೆಡದೆ ಉಳಿದುವು. ಈಚೆಗೆ ಮಾತ್ರ ‘ಹಾಕಿಕೊಳ್ಳು’ ಎಂಬ ಒಂದೇ ಮಾತು ಎಲ್ಲ ಕಡೆಗೂ ಹಬ್ಬುತ್ತಿರುವುದನ್ನು ಕೇಳುತ್ತೇವೆ. ಕನ್ನಡಕ, ಬೂಟು, ಚೂಡಿದಾರ ಮುಂತಾಗಿ ಹೊರಗಿನಿಂದ ಬಂದ ವಸ್ತುಗಳಿಗೆ ಸ್ವಂತದ ಮಾತಿಲ್ಲದ್ದರಿಂದ ‘ಹಾಕಿಕೊಳ್ಳು’ ಎಂದರೆ ಆಕ್ಷೇಪವಿಲ್ಲ. ಆದರೆ ‘ಸೀರೆ ಹಾಕಿಕೊಂಡಳು, ಹೂವು ಹಾಕಿಕೊಂಡಳು’ ಎಂಬುದು ನನ್ನ ಕಿವಿಗೆ ಹಿಡಿಸದು. ಅದು ‘ಪುಟ್ ಆನ್’ ಎಂಬುದನ್ನೇ ಕನ್ನಡದ ಅಕ್ಷರಗಳಲ್ಲಿ ಬರೆದಂತಾಯಿತು. ಇಂಗ್ಲಿಷಿಗೆ ಒಂದು ಮಾತು ಸಾಕೆಂಬುದು ಅದರ ಗುಣ. ನಮಗೆ ಹತ್ತಿರುವಾಗ ಒಂಬತ್ತನ್ನು ಬಿಟ್ಟುಕೊಡಲು ಕಾರಣವೇನೂ ಕಾಣುವುದಿಲ್ಲ. ಗದ್ದೆಯಲ್ಲಿ ಭತ್ತದ ಸಸಿ ನೆಡುವ ಹೆಂಗಸು ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮಳೆಗೆ ಗೋಣಿಯ ಕೊಪ್ಪೆಯನ್ನು ಹೊದ್ದು, ಬದುವಿಗೆ ಬಂದು ಚಪ್ಪಲಿ ಮೆಟ್ಟಿ ಮನೆಗೆ ಹೋಗುವುದನ್ನು ಕನ್ನಡದಲ್ಲಿ ಹೇಳಿದರೆ ಅವಳ ಕೈಕಾಲುಗಳ ಚಲನೆಯೆಲ್ಲ ಕಣ್ಣಿಗೆ ಕಟ್ಟುವುದು.

ಕಡೆಗೆ, ಧರಿಸಿದ್ದನ್ನು ತೆಗೆಯುವ ಮಾತು. ‘ಆನ್’ ಎಂಬುದಕ್ಕೆ ವಿರುದ್ಧವಾದದ್ದು ‘ಆಫ್’ ಆದ್ದರಿಂದ ‘ಪುಟ್ ಆಫ್’ ಎಂದು ಬರೆಯುವ ಮಕ್ಕಳುಂಟು. 1611ರ ಇಂಗ್ಲಿಷ್ ಸತ್ಯವೇದದಲ್ಲಿ ಪಾದರಕ್ಷೆಗಳನ್ನು ಕಳಚುವುದಕ್ಕೆ ಈ ಮಾತೇ ಇದೆ. ಈಗಿನ ಬಳಕೆಯಲ್ಲಿ ಅದು ಕೆಲಸವನ್ನು ಮುಂದಕ್ಕೆ ಹಾಕುವುದೆಂಬ ಅರ್ಥಕ್ಕೆ ತಿರುಗಿದೆ. ಬಟ್ಟೆಗೂ ಪಾದರಕ್ಷೆಗೂ ‘ಟೇಕ್ ಆಫ್’ ಎನ್ನಬೇಕು. ಕನ್ನಡದಲ್ಲಿ ಅಂಗಿಯನ್ನು ಕಳೆಯುತ್ತೇವೆ, ಚಪ್ಪಲಿಯನ್ನು ಬಿಡುತ್ತೇವೆ, ರುಮಾಲನ್ನು ಬಿಚ್ಚುತ್ತೇವೆ. ದೀಪಕ್ಕೆ ಇಂಗ್ಲಿಷಿನಲ್ಲಿ ‘ಪುಟ್ ಔಟ್’ ಎಂಬ ಮಾತುಂಟು. ನಮ್ಮಲ್ಲಿ ‘ಆರಿಸು’ ಎಂಬುದು ಅಶುಭವೆಂದು ‘ದೊಡ್ಡದು ಮಾಡು’ ಎನ್ನುವ ಮನೆಗಳೂ ಉಂಟು. ಅದನ್ನು ಇಂಗ್ಲಿಷಿಗೆ ಶಬ್ದಶಃ ತಿರುಗಿಸಿದರೆ, ಕೇಳಿದವರು ಬತ್ತಿಯನ್ನು ಮೇಲಕ್ಕೆ ಏರಿಸಿಬಿಟ್ಟಾರು.